ಡ್ರೈವರನ ನಿಂಬೆಗಿಡ ಮತ್ತು ನನ್ನ ಇರುವೆ ಯುದ್ಧ

ಇರುವೆಗಳ ಬಗ್ಗೆ ನಾನು ಓದಿದಷ್ಟು ನಮ್ಮ ಬೀದಿಯಲ್ಲಿ ಯಾರೂ ಓದಿಲ್ಲ. ಇದು ಜಂಬವಲ್ಲ, ದೂರು. ಇಷ್ಟೆಲ್ಲ ಓದಿಕೊಂಡವನನ್ನು ಆ ಇರುವೆಗಳು ಸ್ವಲ್ಪವಾದರೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕಿತ್ತು. ಇಟ್ಟುಕೊಳ್ಳಲಿಲ್ಲ. (ಮನೆಯವರೇ ಇಟ್ಟುಕೊಳ್ಳದಿದ್ದಾಗ ಇರುವೆಗಳನ್ನು ದೂರಿ ಏನು ಫಲ ಎಂದು ನೀವು ಕೇಳಬಹುದು. ಕೇಳಬೇಡಿ.)

ನಾನು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದವನು. ನಿವೃತ್ತನಾದ ಮೇಲೂ ಪುಸ್ತಕದ ಧೂಳು ಒರೆಸುವ ಕೆಲಸ ತಪ್ಪಿಲ್ಲ, ಸಂಬಳವೊಂದು ತಪ್ಪಿದೆ. ಯಾವ ತೊಂದರೆ ಬಂದರೂ ಮೊದಲು ಅದರ ಬಗ್ಗೆ ಓದಬೇಕು, ಆಮೇಲೆ ಕೈಹಾಕಬೇಕು ಎನ್ನುವುದು ನನ್ನ ಸಿದ್ಧಾಂತ. ನಾನು ಓದಿ ಮುಗಿಸುವಷ್ಟರಲ್ಲಿ ತೊಂದರೆಯನ್ನು ನನ್ನ ಹೆಂಡತಿ ಮುಗಿಸಿರುತ್ತಾಳೆ. ಹೀಗೆ ನಮ್ಮ ಸಂಸಾರ ಸುಗಮವಾಗಿ ಸಾಗಿತ್ತು, ನಿಂಬೆಗಿಡ ಬರುವ ತನಕ.

ಗಿಡ ನಮ್ಮದಲ್ಲ. ಪಕ್ಕದ ಮನೆಯ ಡ್ರೈವರನದು. ಬಸ್ಸು ಓಡಿಸುತ್ತಿದ್ದ ಅವನನ್ನು ಬೀದಿಯೆಲ್ಲ ಡ್ರೈವರ್ ಎಂದೇ ಕರೆಯುತ್ತಿತ್ತು. ಅವನು ನನ್ನನ್ನು ಲೈಬ್ರರಿ ಎಂದು ಕರೆಯುತ್ತಿದ್ದ. ಒಂದು ದಿನ ಶರಬತ್ತು ಕುಡಿಯುವಾಗ ಹಲ್ಲಿಗೆ ಸಿಕ್ಕ ನಿಂಬೆಬೀಜವನ್ನು ಉಗಿಯಲು ಮನಸ್ಸು ಬಾರದೆ ಜೇಬಿಗೆ ಹಾಕಿಕೊಂಡು ಬಂದು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೆಟ್ಟ. ಅವನ ಮನೆಯ ಕಡೆ ಬಿಸಿಲಿಲ್ಲ, ಆಚೆಯ ಮೂರಂತಸ್ತಿನ ಕಟ್ಟಡ ಅದನ್ನು ನುಂಗಿ ಕೂತಿದೆ. ಹಾಗಾಗಿ ಡ್ರಮ್ಮು ಗೋಡೆ ದಾಟಿ ನಮ್ಮ ಅಂಗಳಕ್ಕೆ ಬಂತು. ಗಿಡದ ಹಿಂದೆಯೇ ಅವನೂ ದಿನಾ ಬೆಳಿಗ್ಗೆ ಬರತೊಡಗಿದ. ಅದು ನನ್ನೆತ್ತರ ಬೆಳೆಯಿತು, ಮೈತುಂಬ ಮುಳ್ಳು ಬಿಟ್ಟಿತು, ಒಂದೇ ಒಂದು ಹೂವು ಬಿಡಲಿಲ್ಲ. ಕೇಳಿದರೆ, ಅದರ ಸ್ಟಾಪ್ ಇನ್ನೂ ಬಂದಿಲ್ಲ, ಸುಮ್ಮನೆ ಸೀಟಲ್ಲಿ ಕೂತ್ಕೋ ಎನ್ನುತ್ತಿದ್ದ.

ಹೋದ ವರ್ಷ ಅವನಿಗೆ ಶ್ವಾಸಕೋಶದ ಕಾಯಿಲೆ ಬಂತು. ಆಸ್ಪತ್ರೆಯಲ್ಲಿ ಮಾತು ಕಷ್ಟವಾಗಿತ್ತು. ನಾನು ಪಕ್ಕದಲ್ಲಿ ಕೂತು ಅವನಿಗೆ ಬೇಡವಾದ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಕೈ ಎತ್ತಿ ನಿಲ್ಲಿಸಿ ಹೇಳಿದ: "ಲೈಬ್ರರಿ, ಗಿಡ ನೋಡ್ಕೋ. ಓದಿ ಹೇಳ್ಬೇಡ ಅದಕ್ಕೆ. ನೀರು ಹಾಕು."

ಆಮೇಲೆ ಅವನು ಹೋದ. ಇದಕ್ಕಿಂತ ಚೆನ್ನಾಗಿ ಅದನ್ನು ಹೇಳಲು ನನಗೆ ಬರುವುದಿಲ್ಲ. ಅವನ ಹೆಂಡತಿಯನ್ನು ನಾವು ಅಕ್ಕ ಎನ್ನುತ್ತೇವೆ. ಅವರು ಕೆಲವು ತಿಂಗಳ ಮಟ್ಟಿಗೆ ಮಗಳ ಮನೆಗೆ ಹೋದರು. ಹೋಗುವಾಗ ಗೋಡೆಯಾಚೆಯಿಂದ ಗಿಡವನ್ನೊಮ್ಮೆ ನೋಡಿ, ನಾನು ಬರೋ ತನಕ ಇರುತ್ತೆ ಅಲ್ವಾ ಎಂದು ಕೇಳಿದರು. ಇರುತ್ತೆ ಅಕ್ಕ ಎಂದೆ. ಮಾತು ಕೊಟ್ಟವನು ನಾನು. ಮಾತಿನ ನಡುವೆ ಇರುವೆ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಇಲ್ಲಿ ಒಂದು ವಿಷಯ ಹೇಳಲೇಬೇಕು. ಡ್ರೈವರ್ ಇದ್ದಾಗ ನನ್ನ ಹೆಂಡತಿ ಬೆಳಿಗ್ಗೆ ಮೂರು ಲೋಟ ಚಹಾ ಮಾಡುತ್ತಿದ್ದಳು. ಅವಳದು ಅಡುಗೆಮನೆಯಲ್ಲೇ ಉಳಿಯುತ್ತಿತ್ತು. ನನ್ನದೂ ಅವನದೂ ತಟ್ಟೆಯಲ್ಲಿ ಹೊರಗೆ ಬರುತ್ತಿದ್ದವು. ಅವನು ಹೋದ ಮೇಲೂ ತಟ್ಟೆಯಲ್ಲಿ ಎರಡು ಲೋಟ ಬಂದವು. ಪಾಪ, ಕೈಗೆ ಅಭ್ಯಾಸವಾಗಿದೆ, ಮರೆತಿದ್ದಾಳೆ ಎಂದುಕೊಂಡೆ. ಅವನು ಇಲ್ಲವಲ್ಲೇ ಎಂದು ಯಾವ ಬಾಯಿಂದ ಹೇಳಲಿ? ಹಾಗೇ ವಾಪಸು ಕಳಿಸಿದರೆ ಅವಳಿಗೆ ನೆನಪಾಗಿ ನೋವಾಗುತ್ತದೆ. ಮೋರಿಗೆ ಸುರಿಯಲು ನನಗೆ ಮನಸ್ಸಿಲ್ಲ. ಡ್ರೈವರನ ಪಾಲು ಡ್ರೈವರನ ಗಿಡಕ್ಕೆ ಎಂದು ಬುಡಕ್ಕೆ ಹೊಯ್ದೆ. ಮಾರನೆಯ ದಿನವೂ ಎರಡು ಲೋಟ ಬಂದವು. ಅದರ ಮಾರನೆಯ ದಿನವೂ. ಹಾಲು, ಸಕ್ಕರೆ ಎಲ್ಲ ಧಾರಾಳವಾಗಿ ಹಾಕಿದ, ನಮ್ಮ ಮನೆಯ ಪ್ರಸಿದ್ಧ ಚಹಾ. ಲೋಟ ಬಗ್ಗಿಸುವಾಗ ಅವನ ಜೊತೆ ಒಂದೆರಡು ಮಾತನ್ನೂ ಆಡುತ್ತಿದ್ದೆ. ಅದು ಇಲ್ಲಿ ಬೇಡ.

ಇದಕ್ಕೂ ಇರುವೆಗಳಿಗೂ ಏನೋ ಸಂಬಂಧವಿದೆಯೆಂದು ನಿಮಗೆ ಈಗಾಗಲೇ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ನಾನು ಓದುತ್ತಿದ್ದೆ.

ಮೊದಲು ಡ್ರಮ್ಮಿನ ಅಂಚಿನಲ್ಲಿ ಒಂದು ಸಾಲು ಕಂಡಿತು. ಆಮೇಲೆ ಬುಡದ ಸುತ್ತ ಪುಡಿಮಣ್ಣಿನ ಸಣ್ಣ ಸಣ್ಣ ಗುಡ್ಡಗಳೆದ್ದವು. ಕೋಲಿನಿಂದ ಕೆದಕಿದರೆ ಒಳಗೆ ಒಂದು ಪಟ್ಟಣವೇ ಇತ್ತು: ಕೆಂಪಿರುವೆಗಳು, ಮೊಟ್ಟೆಗಳು, ಅವಸರ, ಗಲಾಟೆ. ಎಲೆಯ ಅಡಿಯಲ್ಲಿ ಹಸಿರು ಹೇನುಗಳು ಅಂಟಿಕೊಂಡಿದ್ದವು, ಎಲೆಗಳು ಮುರುಟಿಕೊಂಡಿದ್ದವು. ನಾನು ಪುಸ್ತಕ ತೆಗೆದು, ಇರುವೆಗಳು ಈ ಹೇನುಗಳನ್ನು ನಾವು ಹಸು ಸಾಕಿದ ಹಾಗೆ ಸಾಕುತ್ತವೆ, ಅವು ಸುರಿಸುವ ಸಿಹಿರಸವನ್ನು ಹಾಲಿನ ಹಾಗೆ ಕರೆದು ಕುಡಿಯುತ್ತವೆ, ಅದೊಂದು ಅದ್ಭುತವಾದ ಸಹಜೀವನ ಎಂದು ಹೆಂಡತಿಗೆ ವಿವರಿಸಿದೆ. ಅವಳು ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬ ತಂದು ನನ್ನ ಮುಂದಿಟ್ಟು ಮುಚ್ಚಳ ತೆಗೆದಳು. ಆ ಸಹಜೀವನ ಅಲ್ಲಿಗೂ ಬಂದಿತ್ತು.

ಯುದ್ಧ ಘೋಷಣೆಯಾಯಿತು.

ಮೊದಲನೆಯ ಅಸ್ತ್ರ ಸೀಮೆಸುಣ್ಣ. ಡ್ರಮ್ಮಿನ ಸುತ್ತ ದಪ್ಪನೆ ಗೆರೆ ಎಳೆದೆ. ಇರುವೆಗಳು ಗೆರೆಯ ಹತ್ತಿರ ಬಂದು ನಿಂತು ಸಭೆ ಸೇರಿದವು. ನಾನು ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಬರುವಷ್ಟರಲ್ಲಿ ಸಭೆ ಮುಗಿದು ನಿರ್ಣಯವಾಗಿ, ಎಲ್ಲವೂ ಗೆರೆಯನ್ನು ದಾಟಿ ಹೊರಟಿದ್ದವು. ಎರಡನೆಯದು ಮುಖಕ್ಕೆ ಹಚ್ಚುವ ಪೌಡರು. ಅದನ್ನು ಬುಡಕ್ಕೆಲ್ಲ ಚೆಲ್ಲಿದೆ. ಇರುವೆಗಳು ಬೆಳ್ಳಗಾದವು, ಬೇರೇನೂ ಆಗಲಿಲ್ಲ. ಪೌಡರು ಯಾರದೆಂದು ನಾನು ಮೊದಲೇ ವಿಚಾರಿಸಬೇಕಿತ್ತು. ವಿಚಾರಿಸದಿದ್ದುದರ ಫಲವನ್ನು ಎರಡು ದಿನ ಉಂಡೆ.

ಮೂರನೆಯದು ನನ್ನ ಶ್ರೇಷ್ಠ ಯೋಜನೆ. ಹಳೆಯ ಸ್ಟೂಲೊಂದರ ನಾಲ್ಕು ಕಾಲುಗಳಿಗೂ ಗ್ರೀಸು ಬಳಿದು, ನಾಲ್ಕನ್ನೂ ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿ, ಮೇಲೆ ಡ್ರಮ್ಮನ್ನು ಕೂರಿಸಿದೆ. (ಕೂರಿಸುವಾಗ ಸೊಂಟ ಹಿಡಿದದ್ದು ಈ ಕಥೆಗೆ ಸೇರಿದ್ದಲ್ಲ.) ಈಗ ಗಿಡ ಒಂದು ದ್ವೀಪ. ಒಳಗಿದ್ದವು ಹೊರಗೆ ಹೋಗುವಂತಿಲ್ಲ, ಹೊರಗಿದ್ದವು ಒಳಗೆ ಬರುವಂತಿಲ್ಲ. ಬೆಳಗಿನ ಚಹಾವನ್ನು ಮಾತ್ರ ನಾನು ದ್ವೀಪಕ್ಕೆ ತಪ್ಪದೆ ತಲುಪಿಸುತ್ತಿದ್ದೆ.

ದ್ವೀಪಕ್ಕೆ ಒಂದು ಸೇತುವೆಯಿತ್ತು. ಸ್ಟೂಲಿನ ಮೇಲೆ ಎತ್ತರವಾದ ಗಿಡದ ತುದಿ ಬಟ್ಟೆ ಒಣಹಾಕುವ ಹಗ್ಗಕ್ಕೆ ತಾಗುತ್ತಿತ್ತು. ಇದು ನನಗೆ ತಿಳಿಯುವುದಕ್ಕೆ ಮೊದಲೇ ಇರುವೆಗಳಿಗೆ ತಿಳಿಯಿತು. ನನಗೆ ತಿಳಿದದ್ದು ಬಸ್ ಡಿಪೋದಲ್ಲಿ.

ಡಿಪೋದವರು ತಮ್ಮ ವಿಶ್ರಾಂತಿ ಕೋಣೆಯಲ್ಲಿ ಡ್ರೈವರನ ಫೋಟೋ ಹಾಕಿ ಸಣ್ಣ ಸಭೆ ಇಟ್ಟುಕೊಂಡಿದ್ದರು. ಗೆಳೆಯನಾಗಿ ನಾನು ಮಾತಾಡಬೇಕಿತ್ತು. ಹಗ್ಗದ ಮೇಲಿದ್ದ ಬಿಳಿ ಅಂಗಿಯನ್ನು ಎಳೆದು ತೊಟ್ಟುಕೊಂಡು ಹೋದೆ. ಮಾತು ಶುರು ಮಾಡಿದೆ. ಅವನು ಎಂಥ ಮನುಷ್ಯನೆಂದರೆ ಎಂದು ಹೇಳಿ ನಿಲ್ಲಿಸಿದೆ. ಆ ಹೊತ್ತಿಗೆ ಎಡಗಂಕುಳಲ್ಲಿ ಯಾರೋ ಸೂಜಿ ಇಟ್ಟ ಹಾಗಾಯಿತು. ಕೈ ಮೇಲೆ ಹೋಯಿತು. ಬಲಗಂಕುಳಲ್ಲಿ ಇನ್ನೊಂದು. ಆ ಕೈಯೂ ಮೇಲೆ ಹೋಯಿತು. ಬೆನ್ನಿನಲ್ಲಿ ಕಚ್ಚಿದಾಗ ಇಡೀ ಮೈ ಎಡಕ್ಕೆ ವಾಲಿತು, ಪಕ್ಕೆಯಲ್ಲಿ ಕಚ್ಚಿದಾಗ ಬಲಕ್ಕೆ. ಕಣ್ಣಲ್ಲಿ ನೀರು. ಸಭೆ ಮಂತ್ರಮುಗ್ಧವಾಗಿ ಕೂತಿತ್ತು. ಅವನ ಜೊತೆ ಬಹಳ ಕಾಲ ಕೆಲಸ ಮಾಡಿದ ಕಂಡಕ್ಟರು ಎದ್ದು ಬಂದು ಕಣ್ಣೊರೆಸಿಕೊಳ್ಳುತ್ತ, "ಘಾಟಿ ತಿರುವಲ್ಲಿ ಅಣ್ಣ ಸ್ಟೀರಿಂಗ್ ತಿರುಗಿಸ್ತಿದ್ದಿದ್ದು ಹೀಗೇನೇ ಸಾರ್. ಕಣ್ಣಿಗೆ ಕಟ್ಟಿದ ಹಾಗೆ ಮಾಡಿ ತೋರಿಸಿದ್ರಿ," ಎಂದ. ಮ್ಯಾನೇಜರು ಒಂದು ಹೆಜ್ಜೆ ಮುಂದೆ ಹೋಗಿ ನನ್ನನ್ನು ಬಿಗಿಯಾಗಿ ತಬ್ಬಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ಅವರೂ ಸ್ಟೀರಿಂಗ್ ತಿರುಗಿಸತೊಡಗಿದರು.

ಬಚ್ಚಲಿಗೆ ಓಡಿಹೋಗಿ ಅಂಗಿ ಬಿಚ್ಚಿ ಕೊಡವಿದೆ. ಯಾರಿಗಾದರೂ ಇದನ್ನು ಹೇಳಬೇಕೆನಿಸಿತು. ಇದನ್ನು ಕೇಳಿ ಬಿದ್ದು ಬಿದ್ದು ನಗುತ್ತಿದ್ದ ಮನುಷ್ಯನ ಫೋಟೋ ಹೊರಗೆ ಗೋಡೆಯ ಮೇಲಿತ್ತು. ಮೈಯೆಲ್ಲ ದದ್ದು ಎದ್ದ ನಾನು ಬಕೆಟ್ಟಿನ ಅಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ. ಇರುವೆಗಳಿಂದಾದ ಒಂದೇ ಉಪಕಾರ ಅದು. ಅಲ್ಲಿಯ ತನಕ ನನಗೆ ಅಳು ಬಂದಿರಲಿಲ್ಲ.

ಮನೆಗೆ ಬಂದವನೇ ಬ್ರಹ್ಮಾಸ್ತ್ರ ತೆಗೆದೆ. ಇರುವೆ ಗೂಡು ಕಟ್ಟಿದ ಕುಂಡವನ್ನು ನೀರಿನಲ್ಲಿ ಮುಳುಗಿಸಿಟ್ಟರೆ ಅವು ಮೊಟ್ಟೆಮರಿ ಎತ್ತಿಕೊಂಡು ಹೊರಟುಹೋಗುತ್ತವೆ ಎಂದು ಪುಸ್ತಕದಲ್ಲಿತ್ತು. ಹೋಗುತ್ತವೆ, ನಿಜ. ಎಲ್ಲಿಗೆ ಎಂದು ಪುಸ್ತಕದಲ್ಲಿರಲಿಲ್ಲ. ಬಟ್ಟೆ ನೆನೆಸುವ ದೊಡ್ಡ ಟಬ್ಬಿನಲ್ಲಿ ಡ್ರಮ್ಮನ್ನಿಟ್ಟು ನೀರು ಬಿಟ್ಟೆ. ಸ್ವಲ್ಪ ಹೊತ್ತಿಗೆ ಬಿಳಿ ಮೊಟ್ಟೆ ಕಚ್ಚಿಕೊಂಡ ದೊಡ್ಡ ಮೆರವಣಿಗೆಯೊಂದು ಹೊರಬಿದ್ದು, ಡ್ರಮ್ಮಿನ ಅಂಚಿಗೆ ಒರಗಿಸಿದ್ದ ಪೊರಕೆಯ ಮೇಲೆ ಇಳಿದು, ಹೊಸ್ತಿಲು ದಾಟಿ, ಹಜಾರ ದಾಟಿ, ನೇರವಾಗಿ ನನ್ನ ಪುಸ್ತಕದ ಬೀರು ಸೇರಿತು. ಹಳೆಯ ನಿಘಂಟಿನ ಬೆನ್ನು ಬಿಟ್ಟುಕೊಂಡಿದ್ದ ಸಂದಿಯಲ್ಲಿ ಬಿಡಾರ ಹೂಡಿತು. ಅಲ್ಲಿ ಸುಖವಾಗಿರಲಿ ಎಂದು ನಾನು ಮನಸ್ಸು ದೊಡ್ಡದು ಮಾಡಿದೆ. ಇರಲಿಲ್ಲ. ಎರಡು ದಿನಕ್ಕೆ ಮಣ್ಣು ಆರಿದ್ದೇ ತಡ, ಅದೇ ಮೆರವಣಿಗೆ ಅದೇ ದಾರಿಯಲ್ಲಿ ತಿರುಗಿ ಗಿಡದ ಬುಡ ಸೇರಿತು. ಹೋಗುವಾಗ ಅಡುಗೆಮನೆಯನ್ನೂ ಮಾತಾಡಿಸಿಕೊಂಡು ಹೋಯಿತು.

ಆ ಸಂಜೆ ಹೆಂಡತಿ ತೀರ್ಪು ಕೊಟ್ಟಳು. ಅವಳು ಕೂಗಾಡಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಕೂಗಾಡಲಿಲ್ಲ. ಸೊಪ್ಪು ಸೋಸುತ್ತ ತಲೆ ತಗ್ಗಿಸಿಕೊಂಡೇ ಹೇಳಿದಳು:

"ಬರೋ ವಾರ ಅಕ್ಕ ಬರ್ತಾರಂತೆ. ಅಷ್ಟರೊಳಗೆ ಇರುವೆ ಹೋಗ್ಬೇಕು. ಇಲ್ಲಾಂದ್ರೆ ಗಿಡಾನ ನರ್ಸರಿಯವರಿಗೆ ಕೊಟ್ಟುಬಿಡೋಣ. ಅಲ್ಲಾದ್ರೂ ಬದುಕುತ್ತೆ. ಇಲ್ಲಿ ನಮ್ಮ ಕಣ್ಣೆದುರಿಗೇ ಸಾಯ್ತಿದೆ, ನನಗೆ ನೋಡೋಕಾಗಲ್ಲ."

ಎಲೆಗಳು ಅರ್ಧಕ್ಕರ್ಧ ಉದುರಿದ್ದವು. ಉಳಿದವು ಹಳದಿಯಾಗಿದ್ದವು. ಆ ವಾರ ನಾನು ಓದಬಹುದಾದದ್ದನ್ನೆಲ್ಲ ಓದಿದೆ. ಗಿಡದ ಮುಂದೆ ಕುರ್ಚಿ ಹಾಕಿಕೊಂಡು ಕೂತು ಇರುವೆ ಎಲ್ಲಿಂದ ಬರುತ್ತದೆ, ಏಕೆ ಬರುತ್ತದೆ ಎಂದು ಗಮನಿಸಿದೆ. ಇಷ್ಟು ನಿಷ್ಠೆಯಿಂದ ಅವು ಬೇರೆಲ್ಲೂ ಹೋಗದೆ ಇದೇ ಮಣ್ಣಿಗೆ ಬರಲು ಈ ಮಣ್ಣಿನಲ್ಲಿ ಏನೋ ವಿಶೇಷ ಸತ್ವವಿರಬೇಕು ಎಂಬ ತೀರ್ಮಾನಕ್ಕೂ ಬಂದೆ. ಗಿಡ ಸೊರಗಿದೆ, ಅದಕ್ಕೆ ಶಕ್ತಿ ಬೇಕು ಎಂದುಕೊಂಡು ಅವನ ಪಾಲಿನ ಚಹಾಕ್ಕೆ ನನ್ನ ಲೋಟದಿಂದಲೂ ಅರ್ಧ ಸೇರಿಸಿ ಹೊಯ್ಯತೊಡಗಿದೆ.

ಅಕ್ಕ ಬಂದರು. ಸ್ವಲ್ಪ ಇಳಿದುಹೋಗಿದ್ದರು. ಬ್ಯಾಗನ್ನು ಗೇಟಿನ ಹತ್ತಿರವೇ ಇಟ್ಟು, ನಮ್ಮ ಮುಖ ನೋಡುವ ಮೊದಲೇ ಗಿಡದ ಹತ್ತಿರ ಹೋದರು. ನಾನೂ ನನ್ನ ಹೆಂಡತಿಯೂ ಪರೀಕ್ಷೆಯಲ್ಲಿ ಫೇಲಾದ ಮಕ್ಕಳ ಹಾಗೆ ಹಿಂದೆ ನಿಂತೆವು. ಅವರು ಉಳಿದಿದ್ದ ಎಲೆಗಳನ್ನು ಒಂದೊಂದಾಗಿ ಸವರಿದರು. ಬುಡದ ಮಣ್ಣನ್ನು ಬೆರಳಿನಿಂದ ಕೆದಕಿದರು. ಬೆರಳನ್ನು ಮೂಗಿನ ಹತ್ತಿರ ತಂದರು.

"ಟೀ," ಎಂದರು.

ಈಗ ಮಾಡ್ತೀನಿ ಅಕ್ಕ ಎಂದು ನನ್ನ ಹೆಂಡತಿ ಒಳಗೆ ಹೊರಟಳು.

"ಮಾಡ್ಬೇಡ, ಇಲ್ಲೇ ಇದೆ. ಮಣ್ಣೆಲ್ಲ ಟೀ. ಹಾಲು, ಸಕ್ಕರೆ ಎಲ್ಲಾ ಹಾಕಿರೋದು. ಮದುವೆ ಆದಾಗಿಂದ ಬೀಡಿ ಇದೆಯಾ ಅಂತ ಅವರ ಜೇಬು ಮೂಸಿದ ಮೂಗು ಇದು, ತಪ್ಪಲ್ಲ. ಯಾರಪ್ಪಾ ಗಿಡಕ್ಕೆ ಟೀ ಕುಡಿಸೋರು? ಇರುವೆ ಬರ್ದೆ ಇನ್ನೇನು ಬರುತ್ತೆ?"

ಹೆಂಡತಿ ನನ್ನತ್ತ ತಿರುಗಿದಳು. ಓದಿದ್ದೆಲ್ಲ ಒಂದೇ ಸಲ ತಲೆಯಿಂದ ಇಳಿದುಹೋಯಿತು. ನೀನು ಮರೆತು ದಿನಾ ಅವನ ಲೋಟಾನೂ ಕಳಿಸ್ತಿದ್ದೆಯಲ್ಲ, ನೆನಪಿಸಿದರೆ ನಿನಗೆ ಬೇಜಾರಾಗುತ್ತೆ ಅಂತ ಗಿಡಕ್ಕೆ ಹಾಕ್ತಿದ್ದೆ ಎಂದು ತಡವರಿಸಿದೆ.

ಅವಳು ನನ್ನನ್ನು ನೋಡಿದ ರೀತಿಯನ್ನು ವರ್ಣಿಸುವ ಶಕ್ತಿ ನನಗಿಲ್ಲ.

"ನಾನೆಲ್ಲಿ ಮರೆತೆ? ಮೊದಲ್ನೇ ದಿನ ಕೈತಪ್ಪಿ ಮಾಡಿದೆ, ಅಷ್ಟೇ. ಎರಡೂ ಲೋಟ ಖಾಲಿಯಾಗಿ ವಾಪಸ್ ಬಂತು. ಅವರದ್ದನ್ನೂ ನೀವೇ ಕುಡಿದ್ರಿ, ಅದರಿಂದ ಏನೋ ಸಮಾಧಾನ ಸಿಗ್ತಿದೆ ಅಂದ್ಕೊಂಡೆ. ಒಂದೇ ಲೋಟ ಇಟ್ರೆ ನಿಮಗೆ ಚುಚ್ಚುತ್ತೆ ಅಂತ ಎರಡು ಇಡ್ತಾ ಬಂದೆ. ಇಷ್ಟು ಸಕ್ಕರೆ ಕುಡಿದ್ರೆ ಇವರಿಗೆ ಏನಾಗುತ್ತೋ ಅಂತ ದಿನಾ ಬೆಳಿಗ್ಗೆ ನನಗೆ ಭಯ ಬೇರೆ."

ಅಂದರೆ ಅವಳು ನನಗಾಗಿ ಚಹಾ ಮಾಡುತ್ತಿದ್ದಳು, ನಾನು ಅವಳಿಗಾಗಿ ಅದನ್ನು ಚೆಲ್ಲುತ್ತಿದ್ದೆ. ನಡುವೆ ಇರುವೆಗಳು ಸಂಸಾರ ಬೆಳೆಸುತ್ತಿದ್ದವು. ಒಂದೇ ಮನೆಯಲ್ಲಿದ್ದು, ಒಬ್ಬರಿಗೊಬ್ಬರು ನೋವು ಮಾಡಬಾರದೆಂದು ನಾವಿಬ್ಬರೂ ಅಷ್ಟು ತಿಂಗಳು ಆ ಲೋಟದ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಅಕ್ಕ ಇಷ್ಟೂ ಹೊತ್ತು ಬೇರೆ ಏನನ್ನೋ ಯೋಚಿಸುತ್ತಿದ್ದರು. ನಿಧಾನವಾಗಿ ಕೇಳಿದರು: "ಹಾಗಾದ್ರೆ ಅವರಿದ್ದಾಗಲೂ ಇಲ್ಲಿ ಸಕ್ಕರೆ ಹಾಕಿದ ಟೀನೇ ಕುಡೀತಿದ್ರಾ?"

ನಾವಿಬ್ಬರೂ ನೆಲ ನೋಡಿದೆವು. ಸಕ್ಕರೆ ಕಾಯಿಲೆಯಿದ್ದ ಡ್ರೈವರನಿಗೆ ಸಕ್ಕರೆ ಬಿಡಿಸಿ ಎಷ್ಟೋ ಕಾಲವಾಗಿತ್ತು. ದಿನಕ್ಕೆ ಒಂದು ಲೋಟಕ್ಕೆ ಡಾಕ್ಟರ ಪರವಾನಗಿ ಇದೆಯೆಂದು ಅವನೇ ಹೇಳಿದ್ದ ಎಂದೆ.

"ಯಾವ ಡಾಕ್ಟ್ರು?" ಎಂದರು ಅಕ್ಕ.

ಆ ಪ್ರಶ್ನೆ ನಮಗೆ ಆವರೆಗೆ ಹೊಳೆದೇ ಇರಲಿಲ್ಲ. ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅಕ್ಕನ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನನ್ನ ಹೆಂಡತಿ ಹತ್ತಿರ ಹೋದಳು. ಅವರು ನಗುತ್ತಿದ್ದರು.

"ನಾನು ಮಾಡಿದ ಸಪ್ಪೆ ಟೀನ ಒಂದು ದಿನಾನೂ ಬೇಡ ಅಂದೋರಲ್ಲ. ಅಭ್ಯಾಸ ಆಗಿಹೋಯ್ತು ಕಣೇ ಅನ್ನೋರು. ನಾನೂ ಬೀದಿಗೆಲ್ಲ ಹೇಳ್ಕೊಂಡು ಬಂದೆ, ನನ್ನ ಗಂಡನ್ನ ತಿದ್ದಿದೆ ಅಂತ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಗೋಡೆ ಈಚೆಗೆ ಬಂದು ಕುಡ್ಕೊಂಡು ಹೋಗ್ತಿದ್ರು, ಕಳ್ಳ."

ಕಳ್ಳ ಎಂದು ಅವರು ಹೇಳಿದ ದನಿಯಲ್ಲಿ ಡ್ರೈವರ್ ಒಂದು ಗಳಿಗೆ ಅಂಗಳಕ್ಕೆ ಬಂದು ಹೋದ ಹಾಗಿತ್ತು. ಆಮೇಲೆ ಮೂವರೂ ನಕ್ಕೆವು. ನಾನು ಡಿಪೋದ ಸಭೆಯ ಕಥೆ ಹೇಳಿದೆ. ಹೇಳಲು ಜನ ಸಿಕ್ಕಿದ್ದರು. ಮ್ಯಾನೇಜರು ತಬ್ಬಿಕೊಂಡ ಜಾಗಕ್ಕೆ ಬರುವಷ್ಟರಲ್ಲಿ ಅಕ್ಕ ಡ್ರಮ್ಮನ್ನು ಹಿಡಿದುಕೊಂಡು ಕೂತುಬಿಟ್ಟಿದ್ದರು.

ಇಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಆದರೆ ಇಬ್ಬರು ಹೆಂಗಸರು ಒಂದಾಗಿ ನಕ್ಕ ಮೇಲೆ ಒಂದಾಗಿ ಯೋಚಿಸಲು ಶುರು ಮಾಡುತ್ತಾರೆ. ಗಿಡ ಇಲ್ಲೇ ಇರಲಿ ಎಂದು ಮೊದಲ ತೀರ್ಮಾನವಾಯಿತು, ನಾನು ಹಿಗ್ಗಿದೆ. ಮೂರನೆಯ ಲೋಟವನ್ನು ನಿಲ್ಲಿಸಬೇಡ, ನಾಳೆಯಿಂದ ಅದನ್ನು ಕುಡಿಯಲು ನಾನೇ ಬರುತ್ತೇನೆ ಎಂದರು ಅಕ್ಕ, ಇನ್ನೂ ಹಿಗ್ಗಿದೆ. ನನಗೆ ಮಾತ್ರ ಸಕ್ಕರೆ ಬೇಡ ಎಂದು ಸೇರಿಸಿದರು. ಒಂದೇ ಪಾತ್ರೆಯಲ್ಲಿ ಎರಡು ತರಹ ಮಾಡೋಕಾಗಲ್ಲ, ಎಲ್ಲರಿಗೂ ಸಪ್ಪೆಯೇ ಇರಲಿ ಎಂದಳು ನನ್ನ ಹೆಂಡತಿ. ನನಗೆ ಯಾವ ಕಾಯಿಲೆಯೂ ಇಲ್ಲ, ಬೇಕಾದರೆ ರಕ್ತ ಪರೀಕ್ಷೆಯ ವರದಿ ತೋರಿಸುತ್ತೇನೆ ಎಂದು ವಾದಿಸಿದೆ. ಅವರದೂ ಹೀಗೇ ಶುರುವಾಗಿದ್ದು ಎಂದು ಅಕ್ಕ ಗಿಡದ ಕಡೆ ನೋಡುತ್ತ ಹೇಳಿದರು. ಅಲ್ಲಿಗೆ ವಾದ ಮುಗಿಯಿತು. ಗಿಡಕ್ಕೆ ಸಕ್ಕರೆ ನಿಂತದ್ದು ನ್ಯಾಯ. ನನಗೇಕೆ ನಿಂತಿತು ಎಂದು ನಾನಿನ್ನೂ ಓದುತ್ತಿದ್ದೇನೆ.

ಅಕ್ಕ ಎಲೆಗಳ ಅಡಿಯನ್ನು ಸೋಪಿನ ನೀರಲ್ಲಿ ಒರೆಸಿದರು. ನಾನು ಮೇಲುಮಣ್ಣು ತೆಗೆದು ಹೊಸಮಣ್ಣು ಹಾಕಿದೆ. ಇರುವೆಗಳು ಕೆಲವು ದಿನ ಪದ್ಧತಿಯಂತೆ ಬಂದು, ಬುಡದ ಸುತ್ತ ಓಡಾಡಿ, ಏನೂ ಸಿಗದೆ ಎದುರುಮನೆಯ ಬೇಕರಿಯವರ ಮೆಟ್ಟಿಲ ಕಡೆ ಗುಳೆ ಹೋದವು. ಬರಿದಾಗಿದ್ದ ಕೊಂಬೆಗಳಲ್ಲಿ ತಿಳಿಹಸಿರು ಎಲೆ ಮೂಡಿತು. ಮೊನ್ನೆ ಒಂದು ಎಲೆಯ ಸಂದಿಯಲ್ಲಿ ಏನೋ ಬೆಳ್ಳಗೆ ಕಂಡಿತು. ಅಕ್ಕ ಮೊಗ್ಗು ಎಂದರು. ನನ್ನ ಹೆಂಡತಿ ಹೇನು ಎಂದಳು. ನಾನು ಪುಸ್ತಕ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಇಬ್ಬರೂ ಮೊಗ್ಗೆಂದು ಒಪ್ಪಿಕೊಂಡು, ಕಾಯಿ ಬಿಟ್ಟರೆ ಯಾರ ಮನೆಗೆ ಎಷ್ಟು ಎಂಬ ಮಾತಿಗೆ ಹೋಗಿದ್ದರು.

ಇವತ್ತು ಬೆಳಿಗ್ಗೆ ಮೂರೂ ಲೋಟ ಅಂಗಳಕ್ಕೆ ಬಂದವು. ಅವರಿಬ್ಬರೂ ಮೊಗ್ಗಿನ ಕಡೆ ಬಗ್ಗಿ ಮಾತಾಡಿಕೊಳ್ಳುತ್ತಿದ್ದರು. ನಾನು ಒಂದು ಗುಟುಕು ಕುಡಿದೆ. ಬಿಸಿನೀರಿಗೆ ಬಣ್ಣ ಬಳಿದ ಹಾಗಿತ್ತು. ನನ್ನ ಮಗ್ಗುಲಲ್ಲೇ ಡ್ರಮ್ಮಿತ್ತು, ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಲೋಟವನ್ನು ಸ್ವಲ್ಪ ವಾಲಿಸಿದೆ.

"ಕುಡೀರಿ," ಎಂದಳು ನನ್ನ ಹೆಂಡತಿ, ತಿರುಗಿಯೂ ನೋಡದೆ. "ಗಿಡಕ್ಕೆ ಆಗಲೇ ನೀರು ಹಾಕಿದ್ದೀನಿ."

ಕುಡಿದೆ.